ತಪ್ಪುವ ಗಡಿಯಾರ

ತಪ್ಪು ವೇಳೆ ತೋರಿಸುವ ಗಡಿಯಾರವನ್ನು ನಂಬಬಹುದೆ? ಕೂಡದೆಂದೇ ನಾನು ತಿಳಿದಿದ್ದೆ. ಹಳೆಯ ಹಡಗುಗಳ ಕ್ರೊನೋಮೀಟರಿನ ವಿಷಯ ಓದಿದ ಮೇಲೆ ಆ ನಂಬಿಕೆ ಸ್ವಲ್ಪ ಅಲುಗಿದೆ.

ನಡುಗಡಲಿನಲ್ಲಿ ನಾವಿಕನು ನಕ್ಷತ್ರದ ಎತ್ತರವನ್ನು ಅಳೆದು, ಅದೇ ಕ್ಷಣ ಗ್ರೀನಿಚ್ಚಿನಲ್ಲಿ ವೇಳೆ ಎಷ್ಟೆಂದು ಈ ಗಡಿಯಾರದಲ್ಲಿ ನೋಡುತ್ತಿದ್ದ. ಎರಡರಿಂದಲೂ ರೇಖಾಂಶದ ಲೆಕ್ಕ. ನಾಲ್ಕು ಸೆಕೆಂಡು ತಪ್ಪಿದರೆ, ಸಮಭಾಜಕದ ಬಳಿ, ಹಡಗಿನ ಸ್ಥಾನ ಒಂದು ನಾವಿಕ ಮೈಲಿಯಷ್ಟು ತಪ್ಪುತ್ತದೆ. ಬಂಡೆಗೆ ಬಡಿಯಲು ಅಷ್ಟು ಸಾಕು. ಇಂಥ ಗಡಿಯಾರವನ್ನು ಸಾಧಿಸಿದವನು ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್. ಅವನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟು, 81 ದಿನಗಳಲ್ಲಿ ತಪ್ಪಿದ್ದು ಸುಮಾರು 5 ಸೆಕೆಂಡು ಎಂದು ಪ್ರಸಿದ್ಧಿ. ಮುಳ್ಳುಗಳನ್ನೇ ನೋಡಿದರೆ ಅದು ಮೂರು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿತ್ತು. ದಿನಕ್ಕೆ 2.66 ಸೆಕೆಂಡು ಹಿಂದೆ ಬೀಳುವುದು ಅದರ ನಡೆ. ಆ ಲೆಕ್ಕ ಕಳೆದ ಮೇಲೆ ಉಳಿದದ್ದು ಆ ಐದು ಸೆಕೆಂಡು.

ಪ್ರಯಾಣದಲ್ಲಿ ಯಾರೂ ಕ್ರೊನೋಮೀಟರಿನ ಮುಳ್ಳು ಮುಟ್ಟುತ್ತಿರಲಿಲ್ಲ. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಟ್ಟು, ತಪ್ಪನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಂದು ಎರಡು ಸೆಕೆಂಡು ಮುಂದೆ, ನಾಳೆ ಮೂರು ಹಿಂದೆ ಎಂದು ಓಲಾಡುವುದು ಕೆಟ್ಟ ಗಡಿಯಾರ. ನಿತ್ಯವೂ ಐದು ಸೆಕೆಂಡು ಹಿಂದೆ ಬೀಳುವುದು ಒಳ್ಳೆಯದು.

ನಮ್ಮ ಕಾಲೇಜಿನಲ್ಲಿ ಜಿಪುಣರೆಂದು ಹೆಸರಾದ ಹಿರಿಯರೊಬ್ಬರಿದ್ದರು. ಅವರು ಕೊಟ್ಟ 45 ಎಂದರೆ 55 ಎಂದು ಹುಡುಗರು ತಮ್ಮಲ್ಲೇ ಲೆಕ್ಕ ಹಾಕಿಕೊಂಡಿದ್ದರು. ನಾನು ಉದಾರಿ ಎನಿಸಿಕೊಂಡವನು. ಆದರೂ ಒಂದು ಸಂಜೆ, ತಲೆನೋವಿನಲ್ಲಿ, ಒಬ್ಬನಿಗೆ 32 ಕೊಟ್ಟೆ; ತೇರ್ಗಡೆಗೆ 35 ಬೇಕಾಗಿತ್ತು. ವಾರದ ಮೇಲೆ ಏಕೋ ಮತ್ತೆ ಓದಿದಾಗ 41ಕ್ಕೆ ಕಡಿಮೆಯಿಲ್ಲ ಎನಿಸಿತು. ಅಂಕಪಟ್ಟಿ ಹೋಗಿಬಿಟ್ಟಿತ್ತು. ಹೋಗಿ ಹೇಳಬಹುದಿತ್ತು, ನಾಚಿಕೆಯಿಂದ ಹೇಳಲಿಲ್ಲ. ಆ ಹುಡುಗ ಮರುವರ್ಷ ಕಾಲೇಜಿಗೆ ಬರಲಿಲ್ಲ.

ಹಾಗಾದರೆ ನಿತ್ಯವೂ ನಿರ್ದಯನಾಗಿರುವವನೇ ಮೇಲೋ ಎಂದು ವಾಚಕರು ಕೇಳಬಹುದು. ಹಾಗಲ್ಲ. ಗಡಿಯಾರದ ಸ್ಥಿರತೆ ಕೆಲಸಕ್ಕೆ ಬರುವುದು, ಅದರ ತಪ್ಪನ್ನು ಯಾರೋ ಆಕಾಶದೊಡನೆ ಹೋಲಿಸಿ ಬರೆದಿಟ್ಟಿದ್ದರೆ ಮಾತ್ರ. ತಾನೆಷ್ಟು ತಪ್ಪುತ್ತಿದ್ದೇನೆಂದು ಅದಕ್ಕೇ ತಿಳಿಯದು. 1831ರಲ್ಲಿ ಹೊರಟ ಬೀಗಲ್ ಹಡಗಿನಲ್ಲಿ 22 ಕ್ರೊನೋಮೀಟರುಗಳಿದ್ದವು. ಒಂದನ್ನೊಂದರೊಡನೆ ಹೋಲಿಸುತ್ತಲೇ ಹೋದರು. ನನಗೆ ಅಷ್ಟು ಸಾಕ್ಷಿಗಳಿಲ್ಲ. ಮನೆಯಾಕೆಗೆ ಮಾತ್ರ ನನ್ನ ನಡೆ ಚೆನ್ನಾಗಿ ಗೊತ್ತು: ಪತ್ರಿಕೆಗಳ ಕಟ್ಟು ಬಿಚ್ಚುವ ಮೊದಲೇ, "ಕಾಫಿ ಆಯಿತೇನು?" ಎನ್ನುತ್ತಾಳೆ.

ಈ ಸಲ ಮೊದಲ ದಿನ ತಿದ್ದಿದ ಹತ್ತು ಪತ್ರಿಕೆಗಳನ್ನು ಕೊನೆಯ ದಿನ ಮತ್ತೆ ಓದಿದೆ. ನಾಲ್ಕರಲ್ಲಿ ಅಂಕ ಬದಲಾಯಿತು.