ತಂತಿಯ ಆಚೆ ತುದಿಯ ನೆರೆಯವರು



ತನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಜ್ಞನೊಬ್ಬನು ಪ್ರಭು ಯೇಸುವನ್ನು ಕೇಳಿದನು. ಪ್ರಭು ಅವನಿಗೆ ಪಕ್ಕದ ಮನೆಯವನನ್ನು ತೋರಿಸಲಿಲ್ಲ. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನ ಕಥೆ ಹೇಳಿದರು. ಅದೇ ಪ್ರಶ್ನೆಯನ್ನು ನಾವಿಂದು ಮನೆಯ ದೀಪದ ಸ್ವಿಚ್ಚಿನ ಬಳಿ ನಿಂತು ಕೇಳಿಕೊಳ್ಳೋಣ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಕೃಷ್ಣೆಯ ದಡದಲ್ಲೇ, ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ನದಿ ನಮ್ಮಿಂದ ಅತ್ತ ಹರಿಯುತ್ತದೆ. ಅಲ್ಲಿಯ ವಿದ್ಯುತ್ತು ರಾಜ್ಯದ ಜಾಲವನ್ನು ಸೇರಿ, ನೀರು, ಗಾಳಿ, ಬಿಸಿಲಿನಿಂದಾದ ವಿದ್ಯುತ್ತಿನೊಂದಿಗೆ ಬೆರೆತು ನಮ್ಮ ಮನೆಗೂ ಬರುತ್ತದೆ. ಬೂದಿ ಮಾತ್ರ ಅಲ್ಲಿಯವರ ಪಾಲಿಗೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿಯೇ. ಆ ಧೂಳಿನ ನಡುವೆ ಉಸಿರಾಡುವ ತಾಯಿ, ಮಗು ನಮ್ಮ ನೆರೆಯವರಲ್ಲವೇ?

"2023ರಿಂದ ಗೃಹಜ್ಯೋತಿ ಇದೆ, ಬಿಲ್ಲೇ ಇಲ್ಲ, ನಮಗೇಕೆ ಈ ಉಸಾಬರಿ?" ಎಂದು ಕೆಲವರು ಕೇಳಬಹುದು. ಬಡ ಕುಟುಂಬಕ್ಕೆ ಅದು ದೊಡ್ಡ ಆಸರೆ, ನಿಜ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಬೂದಿ ಸೊನ್ನೆಯಾಗುವುದಿಲ್ಲ. ಸಮಾರಿಯದವನು ಹಣ ತೆತ್ತದ್ದು ತನ್ನ ಗಾಯಕ್ಕಲ್ಲ, ಪರರ ಗಾಯಕ್ಕೆ.

ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಕಲ್ಲಿದ್ದಲಿನಂಥ ಇಂಧನಗಳನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದರು. ಬೇಡದ ದೀಪ ಆರಿಸುವುದನ್ನೂ ಸತ್ಕಾರ್ಯಗಳ ಸಾಲಿಗೆ ಸೇರಿಸಿದರು.

ಆದ್ದರಿಂದ ಬೆಳಗಾವಿಯಲ್ಲಿ ಸ್ವಂತ ತಾರಸಿಯೂ ಅನುಕೂಲವೂ ಉಳ್ಳವರು ಸೌರಫಲಕದ ಬಗ್ಗೆ ಯೋಚಿಸಲಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ಮನೆಯಲ್ಲಿ ಬಳಸಿ ಉಳಿದ ವಿದ್ಯುತ್ತು ಹೆಸ್ಕಾಂ ತಂತಿಗೆ ಹೋಗಿ ಇನ್ನೊಬ್ಬರ ದೀಪವಾಗುತ್ತದೆ. ಖಾನಾಪುರದ ಜಡಿಮಳೆಯ ತಿಂಗಳುಗಳಲ್ಲಿ ಫಲಕ ಕೊಡುವುದು ಕಡಿಮೆ. ಆಗ ಅದೇ ತಂತಿ ನಮ್ಮ ಕೈಹಿಡಿಯುತ್ತದೆ. ಕೊಟ್ಟು ಪಡೆಯುವ ಈ ಬಾಳ್ವೆ ನಮಗೆ ಹೊಸದೇನಲ್ಲ.

ಬಾಡಿಗೆ ಮನೆಯವರು, ಕೂಲಿಯವರು ಮನಸ್ಸು ಕುಗ್ಗಿಸಿಕೊಳ್ಳಬೇಕಾಗಿಲ್ಲ. 60 ವ್ಯಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿದರೂ ಅದು ನೆರೆಯವನಿಗೆ ಮಾಡಿದ ಸೇವೆಯೇ.

ಇಂದು ಸಂಜೆ ಮನೆಯವರೆಲ್ಲ ಜಪಸರಕ್ಕೆ ಕೂತಾಗ, ನಮ್ಮ ಬೆಳಕಿಗಾಗಿ ಬೂದಿಯ ನಡುವೆ ಬಾಳುವವರನ್ನು ನೆನೆದು ಒಂದು ರಹಸ್ಯವನ್ನು ಅವರಿಗಾಗಿ ಅರ್ಪಿಸೋಣ. ಬಳಿಕ ಎದ್ದು, ಯಾರೂ ಇಲ್ಲದ ಕೋಣೆಯ ದೀಪ ಆರಿಸೋಣ.