ಆಳು ಅದಾವ, ಆಳು ಅದಾರ

 

ಊಟಕ್ಕೆ ಕೂತಾಗ ನಾವು ಯಾರಿಗೆ ಋಣಿಯಾಗಿರುತ್ತೇವೆ? ಇಂದಿನ ಚಿಂತನೆ ಇದರ ಬಗ್ಗೆ.

ಅಶೋಕ ಮಹಾರಾಜರ ಹೆಸರು ಕೆತ್ತಿದ ಶಿಲ್ಪವಿರುವ ಕನಗನಹಳ್ಳಿ ಸ್ತೂಪ ನೋಡಲು ಸೇಡಂನಿಂದ ನಾವು ಆರು ಮಂದಿ ಹೊರಟಿದ್ದೆವು. ಚಿತ್ತಾಪುರ ದಾಟಿದ ಮೇಲೆ ಒಂದು ಹೊಸ ಖಾನಾವಳಿ ಸಿಕ್ಕಿತು. ಬೋರ್ಡಿನ ಮೇಲೆ ‘ನಮ್ಮ ಹೊಲದ ಜೋಳ, ನಮ್ಮ ಹೊಲದ ತೊಗರಿ, ಸರಕಾರಿ ಗೊಬ್ಬರ ಇಲ್ಲ’ ಎಂದಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ, ಶೇಂಗಾ ಹಿಂಡಿ. ಬಲು ರುಚಿಯಾಗಿತ್ತು, ಇಲ್ಲ ಎಂದರೆ ನಾಲ್ಕನೆಯ ಶೀಲ ಮುರಿದಂತೆ.

ನಮ್ಮ ಜೊತೆ ಚಿಂಚೋಳಿ ಕಡೆಯ ಹಿರಿಯ ಉಪಾಸಿಕೆಯೊಬ್ಬರಿದ್ದರು. ಅರ್ಧ ಆಯುಷ್ಯ ಕೂಲಿ ಮಾಡಿದವರು. ಬಡಿಸಲು ಬಂದ ಮಾಲೀಕರನ್ನು ಕೇಳಿದರು: “ಹೊಲ ನಿಮ್ದು ಖರೆ ಯಪ್ಪಾ, ಜ್ವಾಳ ಯಾರು ಕೊಯ್ತಾರ?”

“ಆಳು ಅದಾವಲ್ರೀ ಅವ್ವಾರ” ಎಂದರು ಅವರು, ನಗುತ್ತ, ಮರ್ಯಾದೆಯಿಂದಲೇ.

ಎತ್ತು ಅದಾವ, ಟ್ರ್ಯಾಕ್ಟರ್ ಅದಾವ, ಆಳು ಅದಾವ. ‘ಅದಾರ’ ಅಲ್ಲ.

ವಾಡಿಯ ಗೆಳೆಯ ಆಮೇಲೆ ನನ್ನ ಜೊತೆ ವಾದಕ್ಕಿಳಿದ. “ನಮ್ಮಪ್ಪನ ಕಾಲಕ್ಕ ಹೊಟೇಲಿನ ಹೊರಗ ನಿಂತು ಬೊಗಸೆಯೊಳಗ ನೀರು ಕುಡೀತಿದ್ರು. ಇವತ್ತು ಒಂದೇ ಟೇಬಲ್ಲಿಗೆ ಕೂಡಿಸಿ ಉಣ್ಣಾಕ ಹಾಕ್ಯಾರ. ನೀ ಒಂದು ಅಕ್ಷರ ಹಿಡಕೊಂಡು ಕುಂತೀದಿ.” ಅವನ ಮಾತು ಸಣ್ಣದಲ್ಲ. ಆದರೆ ಸಹಭೋಜನದಿಂದಲೇ ಜಾತಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬರೆದರು. ಜಾತಿ ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ ಮೇಲೆ ಕೆಳಗೆ ಮಾಡಿ ಒಡೆಯುತ್ತದೆ ಎಂದೂ ಅಲ್ಲೇ ಹೇಳಿದರು. ದುಡ್ಡು ಕೊಟ್ಟವನಿಗೆ ಟೇಬಲ್ ಸಿಗುತ್ತದೆ. ಆ ಜೋಳ ಕೊಯ್ದವಳು ಅಲ್ಲಿ ಕೂತು ಉಂಡಾಳೇ? 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಬಂದಾಗ ನಮ್ಮ ಮಣ್ಣಿಗೆ ಹೆಸರು ಬಂತು. ಕೈಗಳಿಗೆ ಇನ್ನೂ ಬಂದಿಲ್ಲ.

ಸುತ್ತನಿಪಾತದಲ್ಲಿ ಕಸಿಭಾರದ್ವಾಜನ ಪ್ರಸಂಗವಿದೆ. ಬಿತ್ತನೆಯ ಕಾಲ, 500 ನೇಗಿಲು ಹೂಡಿವೆ, ಊಟ ಹಂಚುತ್ತಿದ್ದಾರೆ. ಭಿಕ್ಷೆಗೆ ಬಂದು ನಿಂತ ಭಗವಾನರಿಗೆ ಆ ಬ್ರಾಹ್ಮಣ ‘ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೇ ಮಾಡು’ ಎನ್ನುತ್ತಾನೆ. ತಾವೂ ಉಳುವವರೇ, ಶ್ರದ್ಧೆಯೇ ತಮ್ಮ ಬೀಜ, ಪ್ರಜ್ಞೆಯೇ ನೇಗಿಲು ಎಂದು ಭಗವಾನರು ಉತ್ತರಿಸುತ್ತಾರೆ. ಆ ಉತ್ತರವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಈ ಸಲ ನನ್ನ ಮನಸ್ಸು ನಿಂತದ್ದು ಬ್ರಾಹ್ಮಣನ ‘ನಾನು’ ಎಂಬ ಮಾತಿನ ಮೇಲೆ. 500 ನೇಗಿಲಿನ ಮೇಣಿಯನ್ನು ಒಬ್ಬನ ಎರಡು ಕೈ ಹಿಡಿದಿರಲಾರವು. ಸುತ್ತದಲ್ಲಿ ಈ ಪ್ರಶ್ನೆ ಇಲ್ಲ, ಇದು ನನ್ನ ವಿಚಾರ.

ಹಾಗಾದರೆ ಆ ಖಾನಾವಳಿಗೆ ಹೋಗಬಾರದೇ? ಹೋಗೋಣ. ಆ ಮಾಲೀಕರು ಕೆಟ್ಟವರೆಂದು ನನಗೆ ಅನ್ನಿಸಲಿಲ್ಲ. ನನ್ನ ಚಿಂತೆ ನಮ್ಮದೇ ಮನೆಗಳದ್ದು. ನೌಕರಿ ಹತ್ತಿ, ನಾಲ್ಕೆಕರೆ ಹಿಡಿದು ತೊಗರಿ ಹಾಕಿದವರು ನಮ್ಮಲ್ಲೂ ಇದ್ದಾರೆ. ರಾಶಿಯ ಕಾಲಕ್ಕೆ ಅವರ ಬಾಯಲ್ಲೂ “ಆಳು ಸಿಗವಲ್ಲವು” ಎಂದೇ ಬರುತ್ತದೆ. ಹೆಣ್ಣಾಳಿಗೆ ಕೂಲಿ ಕಡಿಮೆ ಕೊಡುವುದೂ ನಡೆದಿದೆ. ಸಮ್ಮಾ ವಾಚಾ ಅಲ್ಲಿಂದ ಶುರುವಾಗಬೇಕು. ಕೂಲಿ ಸರಿಯಾಗದೆ ಬರೀ ಮಾತು ತಿದ್ದಿಕೊಂಡರೂ ಸಾಲದು.

ಭಾನುವಾರದ ಓದಿಗೆ ಕಸಿಭಾರದ್ವಾಜ ಸುತ್ತವನ್ನೇ ತೆಗೆದುಕೊಳ್ಳೋಣ. ಕಳೆ ಕಿತ್ತ, ಜೋಳ ಕೊಯ್ದ ಹಿರಿಯರು ಮನೆಯಲ್ಲಿದ್ದರೆ ಕರೆತನ್ನಿ. ಮೊದಲು ಅವರು ಮಾತಾಡಲಿ.

ಜೈ ಭೀಮ್.