ಮಾಡಿದವರು ಯಾರು?

"ಮಾಡಿದೆನು" ಎಂಬ ಕ್ರಿಯಾಪದವನ್ನು ನಾವು ದಿನಕ್ಕೆ ಎಷ್ಟು ಬಾರಿ ಉಚ್ಚರಿಸುತ್ತೇವೆಯೋ ಲೆಕ್ಕವಿಲ್ಲ. ಅಡಿಗೆ ಮಾಡಿದೆನು, ಮನೆ ಕಟ್ಟಿಸಿದೆನು, ಮಗನನ್ನು ಓದಿಸಿದೆನು ಎನ್ನುತ್ತೇವೆ. ಕಾರ್ಯದಲ್ಲಿ ಎಷ್ಟು ಪಾಲು ನಮ್ಮದಾದರೆ ಈ ಉತ್ತಮ ಪುರುಷದ ಪ್ರತ್ಯಯವು ನಮಗೆ ನ್ಯಾಯವಾಗಿ ಸಲ್ಲುವುದು ಎಂಬುದು ಮಾತ್ರ ಸುಲಭವಾಗಿ ತೀರುವ ಪ್ರಶ್ನೆಯಲ್ಲ.

ಈಗ ಅಂಗಡಿಗಳಲ್ಲಿ ಹಾಡುವ ಪೆಟ್ಟಿಗೆಯ ಬಿಡಿಭಾಗಗಳು ದೊರೆಯುತ್ತವೆ. ತೆಳುವಾದ ಹಲಗೆಯಲ್ಲಿ ಕೊರೆದ ತುಂಡುಗಳು, ಅವುಗಳ ಮೇಲೆ ಅಂಕಿಗಳು, ಜೋಡಿಸುವ ಕ್ರಮವನ್ನು ಚಿತ್ರಗಳಿಂದ ತಿಳಿಸುವ ಒಂದು ಹಾಳೆ. ಒಳಗಿರುವ ಯಂತ್ರದ ಜೀವವೆಂದರೆ ಉಕ್ಕಿನ ಒಂದು ಬಾಚಣಿಗೆ. ಅದರ ಹಲ್ಲು ಉದ್ದವಾದಷ್ಟೂ ನಾದವು ಮಂದ್ರ, ಗಿಡ್ಡವಾದಷ್ಟೂ ತಾರ. ಮುಳ್ಳುಗಳನ್ನು ನೆಟ್ಟ ಉರುಳೆಯು ತಿರುಗುವಾಗ ಮುಳ್ಳು ಹಲ್ಲನ್ನು ಮೀಟಿ ಬಿಡುತ್ತದೆ. ಜಿನೀವಾ ಪಟ್ಟಣದ ಗಡಿಯಾರಗಾರ ಆಂತ್ವಾನ್ ಫಾವ್ರ್ ಎಂಬವನು 1796ರಲ್ಲಿ ಈ ಉಕ್ಕಿನ ಹಲ್ಲುಗಳ ಉಪಾಯವನ್ನು ಪ್ರಕಟಿಸಿದನು. ಇನ್ನೊಂದು ಬಗೆಯಲ್ಲಿ ಉರುಳೆಯ ಬದಲು ಕಾಗದದ ಪಟ್ಟಿಯಿದೆ. ಪಟ್ಟಿಯಲ್ಲಿ ರಂಧ್ರವಿರುವ ಕಡೆ ಒಳಗಿನ ಪುಟ್ಟ ಚಕ್ರದ ಮೊನೆ ಸಿಕ್ಕಿಕೊಂಡು ತಿರುಗಿ ಹಲ್ಲನ್ನು ಮೀಟುತ್ತದೆ. ಎಲ್ಲಿ ರಂಧ್ರ ಕೊರೆಯಬೇಕೆಂಬುದು ಕೊರೆಯುವವರ ಇಚ್ಛೆ.

ಇಂಥದೊಂದನ್ನು ಜೋಡಿಸಿ ನಮ್ಮ ಮನೆಯ ಹುಡುಗಿ "ನಾನು ಮಾಡಿದ್ದು ನೋಡಜ್ಜ" ಎಂದಳು. ಅವಳ ಅಣ್ಣನು ನಕ್ಕು, "ಮಾಡಿದ್ದು ಕಂಪನಿಯವರು, ನೀನು ಜೋಡಿಸಿದ್ದು" ಎಂದನು. ಹುಡುಗರ ಜಗಳವೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಪಾಠಶಾಲೆಯಲ್ಲಿ ಕಾರಕ ಪ್ರಕರಣವನ್ನು ಓದಿದವನಿಗೆ ಇದು ಹಳೆಯ ಚರ್ಚೆಯೇ ಸರಿ.

ಪಾಣಿನಿಯ ಮತದಲ್ಲಿ ಕ್ರಿಯೆಯಲ್ಲಿ ಯಾರಿಗೆ ಸ್ವಾತಂತ್ರ್ಯವುಂಟೋ ಅವನೇ ಕರ್ತೃ. ಮಿಕ್ಕ ಕತ್ತಿ, ಕೋಲು, ಸೌದೆಗಳೆಲ್ಲ ಸಾಧನಗಳು. ಆದರೆ ಪತಂಜಲಿಯು ಇಲ್ಲಿ ಒಂದು ತೊಡಕನ್ನು ತೋರಿಸುತ್ತಾನೆ. "ಮಡಕೆಯು ಬೇಯಿಸುತ್ತದೆ" ಎಂದು ಲೋಕದಲ್ಲಿ ಹೇಳುವುದುಂಟಷ್ಟೆ? ಹೇಳುವವನು ಮಡಕೆಗೆ ಸ್ವಾತಂತ್ರ್ಯವನ್ನು ವಿವಕ್ಷಿಸಿದರೆ ಅದೂ ಕರ್ತೃವಾಗುತ್ತದೆ. ಹಾಗಿದ್ದಲ್ಲಿ "ಪೆಟ್ಟಿಗೆ ಹಾಡುತ್ತದೆ" ಎಂಬ ಮಾತಿಗೂ ವ್ಯಾಕರಣದ ಅಡ್ಡಿಯಿಲ್ಲ. ನಮ್ಮ ಹುಡುಗಿಯ ಮಾತಿಗಂತೂ ಇಲ್ಲವೇ ಇಲ್ಲ.

ಆದರೆ ಮಾತಿನಲ್ಲಿ ಕರ್ತೃತ್ವವನ್ನು ಧಾರಾಳವಾಗಿ ಹಂಚಬಹುದು, ಹೊಣೆಯನ್ನು ಹಾಗೆ ಹಂಚಲಾಗದು. ಅನ್ನ ಸೀದರೆ ಮಡಕೆಯನ್ನು ಯಾರೂ ಬಯ್ಯುವುದಿಲ್ಲ. ಆದುದರಿಂದ ನೀತಿಯ ದೃಷ್ಟಿಯಿಂದ ನನಗೆ ತೋರುವ ಪರೀಕ್ಷೆಯಿದು: ಕಾರ್ಯವು ಕೆಟ್ಟರೆ ಯಾರನ್ನು ಕೇಳುವರೋ ಅವರಿಗೆ ಆ ಕಾರ್ಯವು ಚೆನ್ನಾದಾಗ "ನಾನು ಮಾಡಿದೆ" ಎನ್ನುವ ಅಧಿಕಾರವುಂಟು. ಹಲ್ಲಿನ ಚಕ್ರ ಓರೆಯಾಗಿ ಕೂತು ಪೆಟ್ಟಿಗೆ ಕಿರುಗುಟ್ಟಿದ್ದರೆ ಅಣ್ಣನು ಕಂಪನಿಯನ್ನು ಹಳಿಯುತ್ತಿರಲಿಲ್ಲ, ತಂಗಿಯನ್ನೇ ಹಾಸ್ಯ ಮಾಡುತ್ತಿದ್ದನು. ನಿಂದೆಗೆ ಪಾತ್ರಳಾಗಬಲ್ಲವಳು ಸ್ತುತಿಗೆ ಏಕೆ ಪಾತ್ರಳಲ್ಲ?

ಇದು ಆಟಿಕೆಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲವೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ನೆರೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಅಲ್ಲಿಯ ಲೇತು ಯಂತ್ರಗಳು ದೇಶದ ನಾನಾ ಕಡೆಗೆ ಹೋದವು. ಲೇತಿನ ಕೆಲಸದಲ್ಲಿ ಅಚ್ಚು ಎರಕ ಹೊಯ್ಯುವವನೊಬ್ಬ, ಹಲ್ಲಿನ ಚಕ್ರ ಕೊರೆಯುವವನೊಬ್ಬ, ಹೆರೆದು ನುಣುಪು ಮಾಡುವವನೊಬ್ಬ, ಜೋಡಿಸುವವನು ಮತ್ತೊಬ್ಬ. ಇಡಿಯ ಲೇತನ್ನು ಮಾಡಿದವನು ಒಬ್ಬನೂ ಇಲ್ಲ. ಆ ಕಾರ್ಖಾನೆಯು ಈಗಿಲ್ಲವಾದರೂ ಅಲ್ಲಿ ದುಡಿದ ಹಿರಿಯರು "ನಾವು ಮಾಡಿದ ಲೇತು" ಎಂದೇ ಹೇಳುತ್ತಾರೆ. ಅದು ಅಹಂಕಾರವೆಂದು ಹೇಳುವ ಧೈರ್ಯ ನನಗಂತೂ ಇಲ್ಲ. ನೂಲು ಒಬ್ಬರದು, ನೇಯ್ಗೆ ಇನ್ನೊಬ್ಬರದು ಆಗಿದ್ದ ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿಯೂ ಇದೇ ಸಂಗತಿ. ತಪ್ಪು ಬಂದಾಗ ಕೆಲಸಗಾರನ ಹೆಸರು ಹಿಡಿದು ಕೇಳುವರು. ಒಪ್ಪವಾಗಿ ಬಂದುದರ ಮೇಲೆ ಯಜಮಾನನ ಮುದ್ರೆ. ಇದರಲ್ಲಿ ಅನ್ಯಾಯವಿದೆಯೆಂದು ಒಪ್ಪದವನು ವ್ಯಾಕರಣವನ್ನು ಇನ್ನೊಮ್ಮೆ ಓದುವುದು ಮೇಲು. ಏಕೆಂದರೆ ಪಾಣಿನಿಯು ಮಾಡಿಸುವವನನ್ನೂ ಕರ್ತೃವೆಂದೇ ಕರೆದನು. ಹಾಗೆ ಕರೆದು, ಮಾಡುವವನ ಕರ್ತೃತ್ವವನ್ನು ಕಿತ್ತುಕೊಳ್ಳಲಿಲ್ಲ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದನು. ಕಟ್ಟಿಸಿದನು ಎಂಬ ಪ್ರೇರಣಾರ್ಥಕ ರೂಪದೊಳಗೇ ಕಟ್ಟಿದವರು ಅಡಗಿದ್ದಾರೆ, ಕಿವಿಗೊಟ್ಟರೆ ಕೇಳುತ್ತಾರೆ.

ಇನ್ನು ಪೆಟ್ಟಿಗೆಯ ಸಂಗೀತವು ಸಂಗೀತವೇ? ಕಾಗದದ ಪಟ್ಟಿಯ ಸಣ್ಣ ಯಂತ್ರದಲ್ಲಿ ಹಲ್ಲುಗಳು 15, ಎಂದರೆ ಎರಡು ಸ್ಥಾಯಿ. ಅವು ಪಾಶ್ಚಾತ್ಯರ ಶುದ್ಧ ಸಪ್ತಕಕ್ಕೆ, ಎಂದರೆ ನಮ್ಮ ಶಂಕರಾಭರಣದ ಸ್ವರಗಳಿಗೆ ಹೊಂದಿಸಲ್ಪಟ್ಟಿವೆ. ಇದರಿಂದ ಒಂದು ವಿನೋದವುಂಟಾಯಿತು. ಸಂಗೀತಪಾಠಕ್ಕೆ ಹೋಗುವ ನಮ್ಮ ಹುಡುಗಿ ಮೊದಲು ಕಲಿತುದು ಮಾಯಾಮಾಳವಗೌಳದ ಸರಳೆವರಸೆ, ಆಮೇಲೆ ಮಲಹರಿಯ ಗೀತೆ. ಅವುಗಳ ಶುದ್ಧ ರಿಷಭವೂ ಶುದ್ಧ ಧೈವತವೂ ಈ ಬಾಚಣಿಗೆಯಲ್ಲಿಲ್ಲ! ಬಾಲಪಾಠವನ್ನೇ ನುಡಿಯಲಾರದ ವಿದ್ವಾಂಸನಿದು. ಮೋಹನಕ್ಕೆ ಬೇಕಾದ ಐದು ಸ್ವರಗಳು ಮಾತ್ರ ಇವೆಯಾಗಿ, ಅವಳು ಮೋಹನದ ಗೀತೆಯೊಂದನ್ನು ಕೊರೆಯಲು ಕುಳಿತಳು. ಸ್ವರಗಳು ಬಂದವು, ಗಮಕ ಬರಲಿಲ್ಲ; ಬರುವುದೂ ಸಾಧ್ಯವಿಲ್ಲ. ವೀಣೆಯ ತಂತಿಯನ್ನು ಬೆರಳು ಎಳೆಯಬಲ್ಲದು, ಉಕ್ಕಿನ ಹಲ್ಲು ತನ್ನ ಶ್ರುತಿಯಿಂದ ಕೂದಲೆಳೆಯಷ್ಟೂ ಕದಲದು.

ಕೆಲವು ಮಿತ್ರರು ಇದನ್ನೇ ಹಿಡಿದು, ತಪ್ಪಿಲ್ಲದೆ ಒಂದೇ ಸಮನೆ ಒಪ್ಪಿಸುವ ವೇದಪಾಠವೂ ಉರುಳೆಯ ಮುಳ್ಳಿನಂತೆಯೇ ಅಲ್ಲವೇ ಎಂದು ನನ್ನನ್ನು ಕೆಣಕಿದರು. ಕಂಠಪಾಠದಿಂದಲೇ ಬೆಳೆದವನಾದ ನಾನು ಇದನ್ನು ಒಪ್ಪಲಾರೆ. ಕ್ರಮವನ್ನೋ ಘನವನ್ನೋ ಹೇಳುವ ವಿದ್ಯಾರ್ಥಿಗೆ ಪದವೊಂದು ಜಾರಿದರೆ ಅವನ ಮುಖವು ಬಾಡುತ್ತದೆ. ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುತ್ತಾನೆ. ಮುಳ್ಳು ಮುರಿದ ಉರುಳೆಯು ಆ ಸ್ಥಳದಲ್ಲಿ ಮೌನವಾಗಿ ದಾಟಿ ಮುಂದಿನ ಸ್ವರವನ್ನು ಅದೇ ಉಲ್ಲಾಸದಿಂದ ನುಡಿಯುತ್ತದೆ. ತಪ್ಪಲಾರದುದಕ್ಕೂ ತಪ್ಪದಿರಲು ಶ್ರಮಿಸುವವನಿಗೂ ಫಲದಲ್ಲಿ ಸಾಮ್ಯವಿರಬಹುದು, ಸ್ವಾತಂತ್ರ್ಯದಲ್ಲಿಲ್ಲ. ಮೇಲೆ ಹೇಳಿದ ಹೊಣೆಯ ಪರೀಕ್ಷೆಯು ಇಲ್ಲಿಯೂ ಸಲ್ಲುತ್ತದೆ.

ಹುಡುಗಿಯು ಕೊರೆದ ಪಟ್ಟಿಯಲ್ಲಿ ಒಂದು ರಂಧ್ರವು ಗೆರೆ ತಪ್ಪಿ, ಪಂಚಮವಿರಬೇಕಾದ ಕಡೆ ಮಧ್ಯಮವು ನುಡಿಯಿತು. ಮೋಹನದಲ್ಲಿ ಮಧ್ಯಮ! ಅಣ್ಣನಿಗೆ ಅದು ತಿಳಿಯಲಿಲ್ಲ. ಅವನು ಹಿಡಿಕೆ ತಿರುಗಿಸಿ ಚೆನ್ನಾಗಿದೆಯೆಂದೇ ಹೇಳಿದನು. ಅವಳು ಮಾತ್ರ ಆ ಪಟ್ಟಿಯನ್ನು ತೆಗೆದಿಟ್ಟು, ಊಟಕ್ಕೆ ಕರೆದರೂ ಏಳದೆ, ಹೊಸ ಪಟ್ಟಿಯ ಮೇಲೆ ಮೊದಲಿನಿಂದ ಗುರುತು ಹಾಕತೊಡಗಿದಳು.